ಮರದ ತೂಕ ಎಲ್ಲಿಂದ ಬಂತು?

ಬಚ್ಚಲೊಲೆಗೆ ಸೌದೆ ಹಾಕುವ ಮನೆಗಳಲ್ಲಿ ಆಗಾಗ ಬೂದಿ ಬಾಚುವ ಕೆಲಸ ಇದ್ದೇ ಇರುತ್ತದೆ. ಉರಿದದ್ದು ಹೊರೆಗಟ್ಟಲೆ ಸೌದೆ. ಒಲೆಯ ಬಾಯಿಂದ ಎಳೆದು ತೆಗೆಯುವ ಬೂದಿ ಮಾತ್ರ ಒಂದು ಮೊರ. ಮಿಕ್ಕದ್ದೆಲ್ಲ ಎಲ್ಲಿ ಹೋಯಿತು ಎಂದರೆ ಯಾರು ಬೇಕಾದರೂ ಹೇಳುತ್ತಾರೆ, ಹೊಗೆಯಾಗಿ ಗಾಳಿಗೆ ಹೋಯಿತು ಎಂದು. ಅದು ಸರಿಯಾದ ಉತ್ತರ. ಆದರೆ ಪ್ರಶ್ನೆಯನ್ನು ತಿರುಗಿಸಿ ಕೇಳಿ ನೋಡಿ: ಆ ಸೌದೆ ಮರವಾಗಿ ನಿಂತಿದ್ದಾಗ ಅಷ್ಟು ತೂಕ ಅದಕ್ಕೆ ಎಲ್ಲಿಂದ ಬಂದಿತ್ತು? ಎಸ್‌ಎಸ್‌ಎಲ್‌ಸಿಯಲ್ಲಿ ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ತಪ್ಪಿಲ್ಲದೆ ಬರೆದು ಅಂಕ ಗಿಟ್ಟಿಸಿದವರು ಕೂಡ ‘ಮಣ್ಣಿನಿಂದ, ಬೇರು ಹೀರಿಕೊಂಡಿತು’ ಎಂದುಬಿಡುತ್ತಾರೆ. ಗೊಬ್ಬರ ಹಾಕಿದ ಗಿಡ ಕೊಬ್ಬುವುದನ್ನು ಕಂಡವರಿಗೆ ಹಾಗನ್ನಿಸುವುದು ಸಹಜವೇ.

ಮಣ್ಣಿನಿಂದ ಬಂದ ಪಾಲು ಯಾವುದೆಂದರೆ, ಆ ಮೊರದಲ್ಲಿರುವ ಬೂದಿ. ಕ್ಯಾಲ್ಸಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ರಂಜಕ, ಒಂದಿಷ್ಟು ಸಿಲಿಕಾ. ಬೇರು ಎಳೆದುಕೊಂಡ ಸಾರಜನಕ ಉರಿಯುವಾಗ ಹಾರಿಹೋಗುತ್ತದೆ, ಮರದ ದಿಮ್ಮಿಯಲ್ಲಿ ಅದರ ಪಾಲೂ ಅಲ್ಪವೇ. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ, ಶೇಕಡ 40ಕ್ಕೂ ಮಿಕ್ಕು ಆಮ್ಲಜನಕ, ಶೇಕಡ 6ರ ಸುಮಾರು ಜಲಜನಕ. ಇಷ್ಟೂ ಬಂದದ್ದು ಗಾಳಿಯಿಂದ ಮತ್ತು ನೀರಿನಿಂದ. ಇವೆರಡರಲ್ಲಿ ಯಾರದು ಎಷ್ಟು ಪಾಲು ಎಂಬ ಲೆಕ್ಕ ಮುಗಿಯಲು ಸುಮಾರು ಮುನ್ನೂರು ವರ್ಷ ಹಿಡಿಯಿತು.

ಲೆಕ್ಕ ಶುರು ಮಾಡಿದವರು ಬ್ರಸೆಲ್ಸ್‌ನ ವೈದ್ಯ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್. ಒಲೆಯಲ್ಲಿ ಒಣಗಿಸಿದ 200 ಪೌಂಡ್ ಮಣ್ಣನ್ನು ಕುಂಡಕ್ಕೆ ತುಂಬಿ, ಅದರಲ್ಲಿ 5 ಪೌಂಡ್ ತೂಕದ ವಿಲ್ಲೋ ಸಸಿ ನೆಟ್ಟು, ಐದು ವರ್ಷ ಬರೀ ನೀರು ಹನಿಸಿದರು. ಕೊನೆಗೆ ಕಿತ್ತು ತೂಗಿದಾಗ ಮರ 169 ಪೌಂಡ್ ದಾಟಿತ್ತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾದದ್ದು ಸುಮಾರು 2 ಔನ್ಸ್, ಅಂದರೆ 60 ಗ್ರಾಂ ಕೂಡ ಇಲ್ಲ. ಮರ ಮಣ್ಣಿನಿಂದ ಆದದ್ದಲ್ಲ ಎಂದು ಅವರು ತೀರ್ಮಾನಿಸಿದ್ದು ಸರಿ. ಹಾಗಾದರೆ ನೀರಿನಿಂದಲೇ ಆಗಿರಬೇಕು ಎಂದದ್ದು ತಪ್ಪು. ಅವರು ತೀರಿಕೊಂಡ ಮೇಲೆ 1648ರಲ್ಲಿ ಮಗ ಹೊರತಂದ ಪುಸ್ತಕದಲ್ಲಿ ಈ ಪ್ರಯೋಗ ಇದೆ. ಸೋಜಿಗವೆಂದರೆ, ‘ಗ್ಯಾಸ್’ ಎಂಬ ಪದವನ್ನು ಜಗತ್ತಿಗೆ ಕೊಟ್ಟವರೂ ಇವರೇ. 62 ಪೌಂಡ್ ಓಕ್ ಮರದ ಇದ್ದಿಲು ಉರಿಸಿದರೆ ಒಂದು ಪೌಂಡ್ ಬೂದಿ ಉಳಿಯುತ್ತದೆ, ಉಳಿದ 61 ಪೌಂಡ್ ಅನಿಲವಾಗಿ ಹೋಗುತ್ತದೆ ಎಂದು ಬರೆದವರೂ ಇವರೇ. ಮರ ಗಾಳಿಗೆ ಹೋಗುವುದನ್ನು ತೂಗಿ ನೋಡಿದವರಿಗೆ ಅದು ಗಾಳಿಯಿಂದ ಬಂದಿರಬಹುದು ಎಂದು ಹೊಳೆಯಲಿಲ್ಲ. ಎರಡು ತುದಿಯೂ ಕೈಯಲ್ಲಿದ್ದವು, ಗಂಟು ಹಾಕಲಾಗಲಿಲ್ಲ.

ಆ ಗಂಟಿನ ಮೊದಲ ಎಳೆ ಸಿಕ್ಕಿದ್ದು ಇಂಗ್ಲೆಂಡಿನ ಪಾದ್ರಿ ಜೋಸೆಫ್ ಪ್ರೀಸ್ಟ್ಲಿಗೆ. ಗಾಜಿನ ಜಾಡಿ ಮುಚ್ಚಿದರೆ ಒಳಗಿನ ಮೇಣದಬತ್ತಿ ಸ್ವಲ್ಪ ಹೊತ್ತಿಗೆ ನಂದುತ್ತದೆ, ಇಲಿ ಸಾಯುತ್ತದೆ. ಹಾಗೆ ‘ಕೆಟ್ಟ’ ಗಾಳಿಯೊಳಗೆ 1771ರಲ್ಲಿ ಅವರು ಪುದಿನದ ಒಂದು ಕಡ್ಡಿ ಇಟ್ಟರು. ಹಲವು ದಿನ ಕಳೆದ ಮೇಲೆ ಅದೇ ಗಾಳಿಯಲ್ಲಿ ಮೇಣದಬತ್ತಿ ಮತ್ತೆ ಉರಿಯಿತು. ಆದರೆ ಒಮ್ಮೆ ಆದದ್ದು ಇನ್ನೊಮ್ಮೆ ಆಗುತ್ತಿರಲಿಲ್ಲ. ಯಾಕೆ ಎಂದು ತಿಳಿಸಿದವರು ಡಚ್ ವೈದ್ಯ ಯಾನ್ ಇಂಗನ್‌ಹೌಸ್. 1779ರ ಒಂದು ಬೇಸಗೆಯಲ್ಲಿ ನೂರಾರು ಪ್ರಯೋಗ ಮಾಡಿ ಅವರು ಹೇಳಿದ್ದು ಇಷ್ಟು: ಗಾಳಿಯನ್ನು ಸರಿಪಡಿಸುವುದು ಗಿಡದ ಹಸಿರು ಭಾಗ ಮಾತ್ರ, ಅದೂ ಬಿಸಿಲು ಬಿದ್ದಾಗ ಮಾತ್ರ, ಕತ್ತಲಲ್ಲಿ ಗಿಡವೂ ಪ್ರಾಣಿಯ ಹಾಗೆಯೇ ಗಾಳಿ ಕೆಡಿಸುತ್ತದೆ. ಈ ಮಾತಿನ ಕೊನೆಯ ತುಂಡನ್ನು ನಮ್ಮ ಶಾಲೆಗಳು ಸಾಮಾನ್ಯವಾಗಿ ನುಂಗಿಬಿಡುತ್ತವೆ.

ಪ್ರೀಸ್ಟ್ಲಿಯ ಮೇಣದಬತ್ತಿ ನಮ್ಮ ಬಯಲುಸೀಮೆಯ ರೈತರಿಗೆ ಹೊಸದೇನಲ್ಲ. ಹಿಂದೆ ಅವರು ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಕಿರಿದಾದ ಬಾಯಿಯ, ಒಳಗೆ ಅಗಲವಾದ ನೆಲದ ಗುಂಡಿ. ರಾಗಿ ತುಂಬಿ, ಮೇಲೆ ಚಪ್ಪಡಿ ಎಳೆದು, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆದರೆ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇನ್ನಷ್ಟು ಹೊತ್ತು ಕಾಯಬೇಕು. ಆತುರಪಟ್ಟು ಇಳಿದವರು ಸತ್ತ ಕತೆಗಳಿಂದಲೇ ಈ ಎಚ್ಚರ ಬಂದದ್ದು. ಒಳಗಿನ ಆಮ್ಲಜನಕವನ್ನು ಮುಗಿಸಿದ್ದು ರಾಗಿಯೇ, ಜೊತೆಗೆ ಅದರೊಳಗಿನ ಹುಳು, ಸೂಕ್ಷ್ಮಜೀವಿಗಳು. ಒಣಗಿ ಕುಳಿತ ಕಾಳೂ ಜೀವಂತ ವಸ್ತು, ನಿಧಾನವಾಗಿ ಉಸಿರಾಡುತ್ತಿರುತ್ತದೆ. ಆಮ್ಲಜನಕ ಮುಗಿದ ಮೇಲೆ ಹುಳುಗಳು ಬದುಕಲಾರವು. ಹಗೇವು ರಾಗಿಯನ್ನು ಕಾಯುತ್ತಿದ್ದದ್ದು ಹೀಗೆ. ಯಾವ ರಾಸಾಯನಿಕವನ್ನೂ ಬೆರೆಸದೆ, ಧಾನ್ಯದ ಉಸಿರನ್ನೇ ಕೀಟನಾಶಕವಾಗಿ ಬಳಸಿದ ಆ ಜಾಣ್ಮೆಗೆ ನಮ್ಮ ವಿಜ್ಞಾನ ಪಾಠದಲ್ಲಿ ಒಂದು ಪುಟ ಸಿಗಬೇಕಿತ್ತು.

ಉಸಿರಾಟ ಎಂದರೆ ನಿಧಾನವಾದ ಉರಿ ಎಂದು ತೋರಿಸಿದವರು ಫ್ರಾನ್ಸಿನ ಲವಾಸಿಯೆ. 1782–83ರ ಚಳಿಗಾಲದಲ್ಲಿ, ಗಣಿತಜ್ಞ ಲಾಪ್ಲಾಸ್ ಜೊತೆಗೂಡಿ, ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಒಂದು ಗಿನಿಹಂದಿಯನ್ನು ಕೂರಿಸಿ, ಎಷ್ಟು ಮಂಜು ಕರಗಿತು ಎಂದು ಅಳೆದರು. ಅದು ಹೊರಬಿಟ್ಟ ಅನಿಲಕ್ಕೂ ಕೊಟ್ಟ ಶಾಖಕ್ಕೂ ಇದ್ದ ಪ್ರಮಾಣ, ಇದ್ದಿಲು ಉರಿಸಿದಾಗಿನ ಪ್ರಮಾಣಕ್ಕೆ ಹತ್ತಿರ ಬಂತು. ಈ ಉರಿ ಶ್ವಾಸಕೋಶದಲ್ಲಿ ನಡೆಯುತ್ತದೆ ಎಂದು ಅವರು ಭಾವಿಸಿದ್ದರು. ಅಲ್ಲ, ಅದು ಪ್ರತಿಯೊಂದು ಜೀವಕೋಶದೊಳಗೂ ನಡೆಯುತ್ತದೆ ಎಂಬುದು ಆಮೇಲೆ ತಿಳಿಯಿತು. ಮೂಗಿನಿಂದ ಗಾಳಿ ಎಳೆದುಕೊಳ್ಳುವುದು ಉಸಿರಾಟದ ಬಾಗಿಲಷ್ಟೇ, ಕೆಲಸ ನಡೆಯುವುದು ಬಹಳ ಒಳಗೆ.

ಇನ್ನು ಗಾಳಿಯ ಪಾಲೆಷ್ಟು, ನೀರಿನ ಪಾಲೆಷ್ಟು? ಸಮೀಕರಣ ಎಲ್ಲರಿಗೂ ಬಾಯಿಪಾಠ: ಆರು ಇಂಗಾಲದ ಡೈಆಕ್ಸೈಡ್, ಆರು ನೀರು, ಬಿಸಿಲು ಬಿದ್ದರೆ ಒಂದು ಗ್ಲೂಕೋಸ್, ಆರು ಆಮ್ಲಜನಕ. ಹೊರಬರುವ ಆಮ್ಲಜನಕ ಇಂಗಾಲದ ಡೈಆಕ್ಸೈಡ್ ಒಡೆದು ಬಂದದ್ದು ಎಂದೇ ಬಹುಕಾಲ ಜನ ನಂಬಿದ್ದರು. 1941ರಲ್ಲಿ ಬರ್ಕ್ಲಿಯಲ್ಲಿ ಸ್ಯಾಮ್ ರೂಬೆನ್, ಮಾರ್ಟಿನ್ ಕೇಮನ್ ಮತ್ತು ಸಂಗಡಿಗರು ತೂಕ ಹೆಚ್ಚಿರುವ ಆಮ್ಲಜನಕದ ಪರಮಾಣುಗಳನ್ನು ಗುರುತಿಗಾಗಿ ನೀರಿನಲ್ಲಿ ಸೇರಿಸಿ ಪಾಚಿಗೆ ಕೊಟ್ಟರು. ಹೊರಬಂದ ಆಮ್ಲಜನಕದಲ್ಲಿ ಆ ಗುರುತು ಸಿಕ್ಕಿತು. ಅಂದರೆ ನಾವು ಎಳೆದುಕೊಳ್ಳುವ ಆಮ್ಲಜನಕ ಎಲೆಯೊಳಗೆ ಸೀಳಿಹೋದ ನೀರಿನದು. ಇಷ್ಟು ತಿಳಿದರೆ ಲೆಕ್ಕ ಸಲೀಸು. 180 ಗ್ರಾಂ ಗ್ಲೂಕೋಸಿನಲ್ಲಿ 72 ಗ್ರಾಂ ಇಂಗಾಲ, 96 ಗ್ರಾಂ ಆಮ್ಲಜನಕ, ಎರಡೂ ಇಂಗಾಲದ ಡೈಆಕ್ಸೈಡಿನವು. ನೀರಿನಿಂದ ಉಳಿದದ್ದು 12 ಗ್ರಾಂ ಜಲಜನಕ ಮಾತ್ರ. ಸಕ್ಕರೆಯ ತೂಕದಲ್ಲಿ ಶೇಕಡ 93 ಭಾಗ ಗಾಳಿ, ಹದಿನೈದರಲ್ಲಿ ಒಂದು ಪಾಲು ನೀರು. ವಾನ್ ಹೆಲ್ಮಾಂಟ್ ನೀರಿಗೆ ಕೊಟ್ಟ ಕೀರ್ತಿಯಲ್ಲಿ ಬಹುಪಾಲು ಗಾಳಿಗೆ ಸಲ್ಲಬೇಕಾದದ್ದು.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದಾದರೂ ಎಷ್ಟು? ಶೇಕಡ 0.04ಕ್ಕಿಂತ ತುಸು ಹೆಚ್ಚು. ಒಂದು ಕಿಲೊ ಗ್ಲೂಕೋಸ್ ಕಟ್ಟಲು ಸುಮಾರು 1.5 ಕಿಲೊ ಇಂಗಾಲದ ಡೈಆಕ್ಸೈಡ್ ಬೇಕು. ಅಷ್ಟು ಸಿಗಬೇಕಾದರೆ ಸರಿಸುಮಾರು 2000 ಘನ ಮೀಟರ್ ಗಾಳಿಯನ್ನು ಪೂರ್ತಿ ಸೋಸಬೇಕು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಎಪ್ಪತ್ತು ಕೋಣೆಗಳ ಗಾಳಿ. ಎಲೆಗಳು ಅಷ್ಟು ಅಗಲ, ಅಷ್ಟು ತೆಳು, ಅಷ್ಟು ಸಂಖ್ಯೆಯಲ್ಲಿ ಇರುವುದು ಬರೀ ಬಿಸಿಲು ಹಿಡಿಯಲಿಕ್ಕಲ್ಲ, ಈ ಸೋಸುವ ಕೆಲಸಕ್ಕೂ ಹೌದು.

ಎಲೆಯನ್ನು ‘ಗಿಡದ ಅಡುಗೆಮನೆ’ ಎನ್ನುವ ಹೋಲಿಕೆ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಅಡುಗೆಮನೆಗೆ ಅಕ್ಕಿ ಬೇಳೆ ಹೊರಗಿಂದ ಬರುತ್ತದೆ, ಒಲೆಯ ಮೇಲೆ ಬೇಯುತ್ತದೆ ಅಷ್ಟೆ. ಎಲೆಯೊಳಗೆ ಅಕ್ಕಿಯೇ ಹುಟ್ಟುತ್ತದೆ.

ಹುಟ್ಟಿಸುವ ಕೆಲಸವಾದರೂ ಸುಲಭದ್ದಲ್ಲ. ಗಾಳಿಯ ಇಂಗಾಲವನ್ನು ಹಿಡಿದು ಸಕ್ಕರೆಯ ಸಾಲಿಗೆ ಸೇರಿಸುವ ಕಿಣ್ವದ ಹೆಸರು ರುಬಿಸ್ಕೊ. ಇಂಗಾಲದ ಹಾದಿಯನ್ನು ಹೆಜ್ಜೆಹೆಜ್ಜೆಯಾಗಿ ಗುರುತಿಸಿದವರು ಮೆಲ್ವಿನ್ ಕ್ಯಾಲ್ವಿನ್, ಆಂಡ್ರ್ಯೂ ಬೆನ್ಸನ್ ಮತ್ತು ಜೇಮ್ಸ್ ಬ್ಯಾಶಮ್. ವಿಕಿರಣ ಸೂಸುವ ಇಂಗಾಲ-14 ಉಣಿಸಿದ ಪಾಚಿಯನ್ನು ಕೆಲವೇ ಸೆಕೆಂಡುಗಳಲ್ಲಿ ಬಿಸಿ ಆಲ್ಕೋಹಾಲಿಗೆ ಬೀಳಿಸಿ, ಅಷ್ಟರೊಳಗೆ ಇಂಗಾಲ ಎಲ್ಲಿಗೆ ತಲುಪಿತು ಎಂದು ಹುಡುಕುತ್ತಿದ್ದರು. 1961ರ ನೊಬೆಲ್ ಕ್ಯಾಲ್ವಿನ್ ಒಬ್ಬರಿಗೇ ಬಂತು. ಬೆನ್ಸನ್ ಅವರಿಗೆ ಆದದ್ದು ಅನ್ಯಾಯ ಎಂದು ಹೇಳುವವರ ಪೈಕಿ ನಾನೂ ಒಬ್ಬ. ರುಬಿಸ್ಕೊ ವಿಷಯಕ್ಕೆ ಬಂದರೆ, ಇದು ಮಹಾ ನಿಧಾನಿ. ಹಲವು ಕಿಣ್ವಗಳು ಸೆಕೆಂಡಿಗೆ ನೂರಾರು, ಸಾವಿರಾರು ಅಣುಗಳನ್ನು ಮುಗಿಸುವಾಗ ಇದು ಬೆರಳೆಣಿಕೆಯಷ್ಟನ್ನು ಮುಗಿಸುತ್ತದೆ. ಅದಕ್ಕಾಗಿಯೇ ಎಲೆ ಇದನ್ನು ರಾಶಿರಾಶಿ ಇಟ್ಟುಕೊಳ್ಳಬೇಕು. ಭೂಮಿಯ ಮೇಲೆ ಅತಿ ಹೆಚ್ಚು ಇರುವ ಪ್ರೋಟೀನು ಇದೇ ಎನ್ನುತ್ತಾರೆ. ಸಾಲದ್ದಕ್ಕೆ ಇಂಗಾಲದ ಡೈಆಕ್ಸೈಡ್ ಎಂದು ಆಮ್ಲಜನಕವನ್ನು ಹಿಡಿಯುವ ಎಡವಟ್ಟು ಬೇರೆ. ಬಿಸಿಲು ಏರಿದಷ್ಟೂ ಈ ಎಡವಟ್ಟು ಹೆಚ್ಚು, ಕಟ್ಟಿದ ಸಕ್ಕರೆಯಲ್ಲಿ ಒಂದು ಪಾಲು ಇದರಿಂದಲೇ ನಷ್ಟ. ಭತ್ತ, ಗೋಧಿ, ತೊಗರಿ, ಶೇಂಗಾ, ಹತ್ತಿ ಎಲ್ಲವೂ ಈ ನಷ್ಟ ತಿನ್ನುವ ಬೆಳೆಗಳು.

ರಾಗಿ ತಿನ್ನುವುದಿಲ್ಲ. ಜೋಳ, ಸಜ್ಜೆ, ಮುಸುಕಿನ ಜೋಳ, ಕಬ್ಬೂ ಅಷ್ಟೆ. ಇವುಗಳ ಎಲೆಯಲ್ಲಿ ಕೆಲಸ ಎರಡು ಬಗೆಯ ಕೋಶಗಳ ನಡುವೆ ಹಂಚಿಹೋಗಿದೆ. ಹೊರಗಿನ ಕೋಶಗಳು ಆಮ್ಲಜನಕಕ್ಕೆ ಮರುಳಾಗದ ಬೇರೊಂದು ಕಿಣ್ವದಿಂದ ಇಂಗಾಲವನ್ನು ಹಿಡಿದು, ನಾಲ್ಕು ಇಂಗಾಲದ ಆಮ್ಲವಾಗಿಸಿ, ನಾಳಗಳ ಸುತ್ತ ಇರುವ ಒಳಕೋಶಗಳಿಗೆ ದಾಟಿಸುತ್ತವೆ. ಅಲ್ಲಿ ಅದು ಬಿಡುಗಡೆಯಾಗಿ ರುಬಿಸ್ಕೊ ಸುತ್ತ ಇಂಗಾಲದ ಡೈಆಕ್ಸೈಡ್ ದಟ್ಟೈಸುತ್ತದೆ, ಎಡವಟ್ಟಿಗೆ ಎಡೆಯೇ ಇರುವುದಿಲ್ಲ. 1966ರಲ್ಲಿ ಆಸ್ಟ್ರೇಲಿಯಾದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಕಬ್ಬಿನ ಎಲೆಯಲ್ಲಿ ಇದನ್ನು ಬಿಡಿಸಿ ತೋರಿಸಿದರು. ಲಾಭ ನೀರಿನಲ್ಲಿ ಕಾಣುತ್ತದೆ. ಪತ್ರರಂಧ್ರ ತೆರೆದಾಗ ಒಂದು ಇಂಗಾಲದ ಡೈಆಕ್ಸೈಡ್ ಅಣು ಒಳಬರುವಷ್ಟರಲ್ಲಿ ನೂರಾರು ನೀರಿನ ಅಣುಗಳು ಆವಿಯಾಗಿ ಹೊರಹೋಗುತ್ತವೆ. ಕಡಿಮೆ ತೆರೆದು ಹೆಚ್ಚು ಹಿಡಿಯಬಲ್ಲ ಎಲೆಗೆ ನೀರಿನ ಖರ್ಚು ಕಡಿಮೆ. ಕೋಲಾರ, ತುಮಕೂರಿನ ಮಳೆಯಾಶ್ರಿತ ಹೊಲಗಳಲ್ಲಿ ರಾಗಿ ನಿಂತು ಬೆಳೆಯುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಭತ್ತಕ್ಕೂ ಈ ಗುಣ ತರಿಸಬಹುದೇ ಎಂದು ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಮತ್ತು ಇತರರು ವರ್ಷಗಳಿಂದ ತಿಣುಕುತ್ತಿದ್ದಾರೆ. ನಮ್ಮ ರಾಗಿ ಅದನ್ನು ಹುಟ್ಟಿನಿಂದಲೇ ಮಾಡಿಕೊಂಡು ಬಂದಿದೆ.

ಶಾಲೆಯ ಪ್ರಯೋಗಾಲಯದಲ್ಲಿ ಬೀಕರಿನೊಳಗೆ ಗುಳ್ಳೆ ಬಿಡುವ ಹೈಡ್ರಿಲ್ಲ ಕೂಡ ಸಾಮಾನ್ಯ ಗಿಡವಲ್ಲ. ಕೋಲ್ಕತ್ತದಲ್ಲಿ ಜಗದೀಶಚಂದ್ರ ಬೋಸರು ಇದೇ ಜಲಸಸ್ಯದ ಗುಳ್ಳೆಗಳನ್ನು ತಾವೇ ಕಟ್ಟಿದ ಯಂತ್ರದಲ್ಲಿ ದಾಖಲಿಸಿ 1924ರಲ್ಲಿ ದ್ಯುತಿಸಂಶ್ಲೇಷಣೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಬೇಸಗೆಯಲ್ಲಿ ಹೈಡ್ರಿಲ್ಲ ಬೇರೆಯದೇ ರೀತಿಯಲ್ಲಿ, ಆಮ್ಲವೊಂದನ್ನು ಬಳಸಿಕೊಂಡು ಇಂಗಾಲ ಕಟ್ಟುತ್ತದೆ ಎಂದು ಅವರು ಗಮನಿಸಿದ್ದರು. ಕಬ್ಬಿನ ಕತೆ ಹೊರಬರುವುದಕ್ಕೆ ನಾಲ್ಕು ದಶಕ ಮೊದಲೇ.

ಈಗ ಜೀವಕೋಶದೊಳಕ್ಕೆ ಹೋಗೋಣ. ‘ಪ್ರಾಣಿಕೋಶಕ್ಕೂ ಸಸ್ಯಕೋಶಕ್ಕೂ ಇರುವ ವ್ಯತ್ಯಾಸ’ ಎಂಬ ಪ್ರಶ್ನೆಗೆ ಮಕ್ಕಳು ಎರಡು ಕಾಲಂ ಎಳೆಯುತ್ತಾರೆ. ಸಸ್ಯದ ಕಾಲಂನಲ್ಲಿ ಕ್ಲೋರೊಪ್ಲಾಸ್ಟ್ ಬರೆಯುತ್ತಾರೆ. ಪ್ರಾಣಿಯ ಕಾಲಂನಲ್ಲಿ ಅದರ ಎದುರಿಗೆ ಏನಾದರೂ ಬೇಕಲ್ಲ ಎಂದು ಎಷ್ಟೋ ಮಂದಿ ಮೈಟೊಕಾಂಡ್ರಿಯ ಬರೆದುಬಿಡುತ್ತಾರೆ. ತಪ್ಪಿನ ಬೇರು ಇಲ್ಲಿದೆ. ಎಲೆಯ ಕೋಶದಲ್ಲಿ ಎರಡೂ ಇವೆ. ಕ್ಲೋರೊಪ್ಲಾಸ್ಟ್ ಸಕ್ಕರೆ ಕಟ್ಟುತ್ತದೆ; ಪಕ್ಕದಲ್ಲೇ ಇರುವ ಮೈಟೊಕಾಂಡ್ರಿಯ ಅದೇ ಸಕ್ಕರೆಯನ್ನು ಆಮ್ಲಜನಕ ಬಳಸಿ ಒಡೆದು ಗಿಡದ ಕೆಲಸಕ್ಕೆ ಬೇಕಾದ ಶಕ್ತಿ ಒದಗಿಸುತ್ತದೆ. ನಮ್ಮಲ್ಲಿ ಎರಡನೆಯದು ಮಾತ್ರ ಇದೆ. ಸಸ್ಯ ನಮಗೆ ತಿರುಗುಮುರುಗಾದ ಜೀವಿಯಲ್ಲ. ನಾವು ಮಾಡುವುದನ್ನೆಲ್ಲ ಮಾಡಿ ಮೇಲೊಂದು ಕೆಲಸವನ್ನೂ ಮಾಡುವ ಜೀವಿ.

ಈ ಎರಡೂ ಅಂಗಗಳು ಒಂದು ಕಾಲಕ್ಕೆ ಸ್ವತಂತ್ರ ಬ್ಯಾಕ್ಟೀರಿಯಾಗಳಾಗಿದ್ದವು, ದೊಡ್ಡ ಕೋಶವೊಂದರ ಒಳಗೆ ಸೇರಿ ಅಲ್ಲೇ ನೆಲೆಸಿದವು ಎಂದು ಲಿನ್ ಮಾರ್ಗುಲಿಸ್ 1967ರಲ್ಲಿ ವಾದಿಸಿದರು. ಹತ್ತಾರು ಪತ್ರಿಕೆಗಳು ಆ ಲೇಖನವನ್ನು ವಾಪಸು ಕಳಿಸಿದ್ದವು. ಆಮೇಲೆ ಎರಡರಲ್ಲೂ ಇರುವ ಸ್ವಂತ ಡಿಎನ್‌ಎ ಬ್ಯಾಕ್ಟೀರಿಯಾಗಳ ಡಿಎನ್‌ಎಯನ್ನೇ ಹೋಲುವುದು ಖಚಿತವಾದಾಗ ವಾದ ಪಾಠವಾಯಿತು. ಎರಡರ ಒಳಗಿನ ಯಂತ್ರವೂ ಹೆಚ್ಚುಕಡಿಮೆ ಒಂದೇ. ಬಿಸಿಲಿನಿಂದಲೋ ಸಕ್ಕರೆಯಿಂದಲೋ ಸಿಕ್ಕ ಶಕ್ತಿ ಬಳಸಿ ಪೊರೆಯೊಂದರ ಒಂದು ಬದಿಗೆ ಪ್ರೋಟಾನುಗಳನ್ನು ತಳ್ಳುವುದು. ಅವು ಮರಳಿ ನುಗ್ಗಿ ಬರುವಾಗ ಗಿರಗಿರನೆ ತಿರುಗುವ ಒಂದು ಪ್ರೋಟೀನಿನಿಂದ, ಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು ಕಟ್ಟಿಸುವುದು. 1961ರಲ್ಲಿ ಪೀಟರ್ ಮಿಚೆಲ್ ಈ ಮಾತು ಹೇಳಿದಾಗ ಒಪ್ಪಿದವರು ಕಡಿಮೆ. ಅವರು ಕಾರ್ನ್‌ವಾಲ್‌ನ ಹಳೇ ಬಂಗಲೆಯೊಂದನ್ನು ರಿಪೇರಿ ಮಾಡಿಸಿ ಅಲ್ಲೇ ಪುಟ್ಟ ಪ್ರಯೋಗಾಲಯ ಹೂಡಿ ಕೆಲಸ ಮುಂದುವರಿಸಿದರು. 1978ರಲ್ಲಿ ನೊಬೆಲ್ ಬಂತು. ಎಟಿಪಿಯನ್ನು ಕೂಡಿಡಲಾಗದು, ಆಗಿಂದಾಗ್ಗೆ ಮಾಡಿಕೊಳ್ಳಬೇಕು. ನಮ್ಮ ದೇಹ ದಿನವೊಂದಕ್ಕೆ ಮಾಡಿ ಮುಗಿಸುವ ಎಟಿಪಿ ಹತ್ತಿರಹತ್ತಿರ ದೇಹದ ತೂಕದಷ್ಟೇ ಆಗುತ್ತದೆ.

ಗಿಡ ಉಸಿರಾಡುತ್ತದೆ ಎಂಬುದನ್ನು ಪುಸ್ತಕ ಓದದ ತೋಟಗಾರ ಚೆನ್ನಾಗಿ ಬಲ್ಲ. ಅಡಿಕೆ ತೋಟದಲ್ಲಿ ಬಸಿಗಾಲುವೆ ಯಾಕೆ ತೋಡುತ್ತಾರೆ? ನೀರು ನಿಂತರೆ ಬೇರು ಕೊಳೆಯುತ್ತದೆ ಎಂದು. ನೀರು ನಿಂತಾಗ ಮಣ್ಣಿನ ಸಂದುಗಳಲ್ಲಿದ್ದ ಗಾಳಿ ಹೊರದೂಡಲ್ಪಟ್ಟು ಬೇರಿಗೆ ಆಮ್ಲಜನಕ ಸಿಗುವುದಿಲ್ಲ. ಉಸಿರುಗಟ್ಟಿದ ಬೇರಿಗೆ ರೋಗ ಮುತ್ತುತ್ತದೆ. ಎಲೆ ಎಷ್ಟು ಆಮ್ಲಜನಕ ಬಿಟ್ಟರೂ ಅದು ಮಣ್ಣಿನೊಳಗಿನ ಅಡಿಕೆ ಬೇರಿಗೆ ಸಾಲುವಂತೆ ಬರುವುದಿಲ್ಲ. ಭತ್ತ ಕೆಸರಲ್ಲೇ ನಿಲ್ಲುವುದು ಅದರ ಕಾಂಡದೊಳಗೆ ಗಾಳಿ ಇಳಿಯುವ ಪೊಳ್ಳು ಹಾದಿಗಳಿರುವುದರಿಂದ. ಹೊನ್ನಾವರದ ಬಳಿ ಶರಾವತಿ ಅಳಿವೆಯ ಕಾಂಡ್ಲಾ ಕಾಡಿಗೆ ಹೋದವರು ಕೆಸರಿನಿಂದ ಮೇಲಕ್ಕೆ ಚುಚ್ಚಿಕೊಂಡು ನಿಂತ ಬೇರುಗಳನ್ನು ನೋಡಿರಬಹುದು. ಉಬ್ಬರದ ನೀರು ಇಳಿದಾಗ ಗಾಳಿ ಎಳೆದುಕೊಳ್ಳಲೆಂದೇ ಅವು ಮೇಲೆ ಬಂದಿರುವುದು.

ಇದನ್ನು ಅರಿತರೆ ವಾಟ್ಸ್‌ಆ್ಯಪ್ಪಿನಲ್ಲಿ ಸುತ್ತುವ ಅರಳಿ ಮರದ ಸಂದೇಶಕ್ಕೂ ಉತ್ತರ ಸಿಗುತ್ತದೆ. ಅರಳಿ ರಾತ್ರಿಯೂ ಆಮ್ಲಜನಕ ಕೊಡುತ್ತದೆ ಎಂಬುದು ನಿಜವಲ್ಲ. ನೀರು ಸೀಳಲು ಬೆಳಕು ಬೇಕು, ಬೆಳಕಿಲ್ಲದೆ ಆಮ್ಲಜನಕವಿಲ್ಲ. ಲೋಳೆಸರ, ಅನಾನಸ್, ಪಾಪಸುಕಳ್ಳಿಗಳು ನೀರು ಉಳಿಸಲು ರಾತ್ರಿ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದು ಆಮ್ಲವಾಗಿ ಇಟ್ಟುಕೊಳ್ಳುವುದು ಹೌದು. ಅವೂ ಆಮ್ಲಜನಕ ಹುಟ್ಟಿಸುವುದು ಹಗಲಲ್ಲೇ. ಹಾಗೆಂದು ರಾತ್ರಿ ಮರದಡಿ ಮಲಗಿದರೆ ಉಸಿರುಗಟ್ಟಿ ಸಾಯುತ್ತಾರೆ ಎಂಬುದೂ ಅಷ್ಟೇ ಪೊಳ್ಳು. ಒಬ್ಬ ಮನುಷ್ಯ ದಿನಕ್ಕೆ ಮುಕ್ಕಾಲರಿಂದ ಒಂದು ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ. ಮಲಗುವ ಕೋಣೆಯ ಗಿಡಕ್ಕೆ ಹೆದರುವವರು ಪಕ್ಕದಲ್ಲಿ ಗೊರಕೆ ಹೊಡೆಯುವವರಿಗೆ ಮೊದಲು ಹೆದರಬೇಕು.

ಆ ಒಂದು ಕಿಲೊ ಬಂದದ್ದು ಎಲ್ಲಿಂದ? ತಿಂದ ಅನ್ನ, ಮುದ್ದೆ, ರೊಟ್ಟಿಯಿಂದ. ಅವುಗಳ ಇಂಗಾಲ ಬಂದದ್ದು ಗಾಳಿಯಿಂದ. ತೂಕ ಇಳಿಸಿದವರ ಕೊಬ್ಬು ಎಲ್ಲಿ ಹೋಯಿತು ಎಂದು ಕೇಳಿದರೆ ಬೆವರಾಯಿತು, ಶಕ್ತಿಯಾಯಿತು, ಕರಗಿತು ಎಂಬ ಉತ್ತರಗಳು ಬರುತ್ತವೆ. ಸಿಡ್ನಿಯ ರೂಬೆನ್ ಮೀರ್‌ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಇದೇ ಪ್ರಶ್ನೆಯನ್ನು ವೈದ್ಯರು, ಆಹಾರತಜ್ಞರು, ವ್ಯಾಯಾಮ ಶಿಕ್ಷಕರಿಗೆ ಹಾಕಿದಾಗಲೂ ಹೆಚ್ಚಿನವರು ತಪ್ಪು ಹೇಳಿದರು. ಪರಮಾಣುಗಳ ಲೆಕ್ಕ ಹಾಕಿದರೆ 10 ಕಿಲೊ ಕೊಬ್ಬು ಕರಗಿದಾಗ 8.4 ಕಿಲೊ ಇಂಗಾಲದ ಡೈಆಕ್ಸೈಡಾಗಿ ಬಾಯಿ ಮೂಗಿನಿಂದ ಹೊರಹೋಗುತ್ತದೆ, 1.6 ಕಿಲೊ ನೀರಾಗುತ್ತದೆ. ಜೋರಾಗಿ ಉಸಿರಾಡಿದರೆ ತೂಕ ಇಳಿದೀತೆ? ಇಳಿಯದು, ತಲೆ ಸುತ್ತೀತು. ಕೋಶಗಳು ಉರಿಸಿದಷ್ಟನ್ನೇ ಶ್ವಾಸಕೋಶ ಸಾಗಿಸುತ್ತದೆ, ಹೆಚ್ಚು ಉರಿಯಬೇಕಾದರೆ ಮೈ ಮುರಿಯಬೇಕು.

ದ್ಯುತಿಸಂಶ್ಲೇಷಣೆ ಒಂದು ಪಾಠ, ಉಸಿರಾಟ ಇನ್ನೊಂದು ಪಾಠ ಎಂದು ಬೇರೆಬೇರೆ ತಿಂಗಳಲ್ಲಿ ಮುಗಿಸುವ ಶಿಕ್ಷಕರಲ್ಲಿ ಒಂದು ಕೋರಿಕೆ. ಹೆಸರುಕಾಳನ್ನು ಮೂರು ಸಮಪಾಲು ಮಾಡಿ. ಒಂದನ್ನು ಹಾಗೇ ಇಡಿ. ಉಳಿದೆರಡನ್ನು ಒದ್ದೆ ಹತ್ತಿಯ ಮೇಲೆ ಮೊಳೆಯಿಸಿ, ಒಂದನ್ನು ಕಪಾಟಿನ ಕತ್ತಲಲ್ಲಿ, ಇನ್ನೊಂದನ್ನು ಕಿಟಕಿಯ ಬಿಸಿಲಲ್ಲಿ ಎರಡು ವಾರ ಬೆಳೆಸಿ. ಕತ್ತಲಿನ ಸಸಿಗಳೇ ಉದ್ದುದ್ದ ಬೆಳೆದು ನಿಲ್ಲುತ್ತವೆ, ಮಕ್ಕಳು ಅವೇ ಗೆದ್ದವು ಎನ್ನುತ್ತಾರೆ. ಆಮೇಲೆ ಬೇರು ಸಮೇತ ಚೆನ್ನಾಗಿ ಒಣಗಿಸಿ, ಸೂಕ್ಷ್ಮ ತಕ್ಕಡಿಯಲ್ಲಿ ಮೂರನ್ನೂ ತೂಗಿಸಿ. ಕತ್ತಲಲ್ಲಿ ಬೆಳೆದದ್ದು ಮೊಳೆಯದ ಕಾಳಿಗಿಂತಲೂ ಹಗುರವಾಗಿರುತ್ತದೆ. ಬಿಸಿಲಿನದು ಆ ಕಾಳಿಗಿಂತ ಭಾರ. ವ್ಯತ್ಯಾಸ ಎಲ್ಲಿ ಹೋಯಿತು, ಎಲ್ಲಿಂದ ಬಂತು ಎಂದು ಮಕ್ಕಳನ್ನೇ ಕೇಳಿ. ಉತ್ತರ ಬರುವವರೆಗೆ ಸಮೀಕರಣವನ್ನು ಬೋರ್ಡಿನ ಮೇಲೆ ಬರೆಯಬೇಡಿ.